ಇಲ್ಲದ ಊರಿನ ಚಕ್ಕುಬಂದಿ

ಹೋಗದ ಊರಿಗೆ ದಾರಿ ಕೇಳಬಾರದು ಎನ್ನುತ್ತದೆ ಗಾದೆ. ಇಲ್ಲದ ಊರಿಗೆ ದಾರಿ ಬರೆಯುವವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಅಂಥವರ ಸಂಖ್ಯೆ ಈಗ ಚೆನ್ನಾಗಿ ಬೆಳೆದಿದೆ. ಕರಾವಳಿ, ಬೆಟ್ಟಸಾಲು, ನದಿ, ರಾಜ್ಯದ ಗಡಿ ಎಲ್ಲವನ್ನೂ ಒಂದು ನಿಮಿಷದೊಳಗೆ ಹುಟ್ಟಿಸಿಕೊಡುವ ಉಚಿತ ತಂತ್ರಾಂಶಗಳಿವೆ. ಹಾಗೆ ಹುಟ್ಟಿದ ಲೋಕಕ್ಕೆ ಹೆಸರಿಟ್ಟು, ವರ್ಷಗಟ್ಟಲೆ ತಿದ್ದಿ, ಕೊನೆಗೆ ಸ್ವಂತ ದುಡ್ಡಿನಲ್ಲೋ ಓದುಗರ ಮುಂಗಡದಲ್ಲೋ ಅಟ್ಲಾಸ್ ಅಚ್ಚು ಹಾಕಿಸುವವರಿದ್ದಾರೆ. ಇದನ್ನು ಹವ್ಯಾಸ ಎಂದು ಪಕ್ಕಕ್ಕಿಡುವುದು ಸುಲಭ. ಆದರೆ ಅಚ್ಚಾದದ್ದು ಪುಸ್ತಕ. ಪುಸ್ತಕವೆಂದ ಮೇಲೆ ಅದನ್ನು ಓದುವ ಬಗೆ ಯಾವುದು, ಒಳ್ಳೆಯದು ಕೆಟ್ಟದ್ದು ಎಂದು ತೂಗುವ ಕಲ್ಲು ಯಾವುದು ಎಂದು ವಿಮರ್ಶೆ ಕೇಳಲೇಬೇಕು. ಈ ಬರಹ ಅದಕ್ಕಾಗಿ.

ತೂಗುವ ಕಲ್ಲು ನಮ್ಮ ಮನೆಯ ಟ್ರಂಕಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. ಜಮೀನಿನ ಹಳೆಯ ಕ್ರಯಪತ್ರ ತೆಗೆದು ನೋಡಿ. ಅದರಲ್ಲಿ ನಕ್ಷೆ ಇರಲಿ ಬಿಡಲಿ, ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಬೀಳು. ದಾನಶಾಸನಗಳಲ್ಲೂ ಇದೇ ಕ್ರಮ. ಕಲ್ಲು, ಮರ, ಕೆರೆಯ ಕೋಡಿ ಹಿಡಿದು ಗಡಿ ಹೇಳುತ್ತಾರೆ. ಒಂದು ಜಾಗ ಏನು ಎಂಬುದನ್ನು ಅದರ ನೆರೆಹೊರೆಯಿಂದ ಹೇಳುವ ಪದ್ಧತಿ ಇದು. ಕಲ್ಪಿತ ಲೋಕದ ಅಟ್ಲಾಸಿಗೂ ಇದೇ ಪರೀಕ್ಷೆ ಸಾಕು. ಪುಟದ ಮೇಲಿನ ಯಾವುದಾದರೂ ಚುಕ್ಕೆಯ ಮೇಲೆ ಬೆರಳಿಟ್ಟು ಕೇಳಬೇಕು: ಇದರ ಚಕ್ಕುಬಂದಿ ಏನು? ಇಲ್ಲಿಗೆ ಉಪ್ಪು ಎಲ್ಲಿಂದ ಬರುತ್ತದೆ? ಸಂತೆಗೆ ಯಾವ ಊರಿನವರು ಸೇರುತ್ತಾರೆ? ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತದೆ? ಅಟ್ಲಾಸ್ ಉತ್ತರ ಕೊಟ್ಟರೆ, ಕೊನೆಗೆ ಉತ್ತರ ಊಹಿಸಲಾದರೂ ಬಿಟ್ಟರೆ, ಅಲ್ಲಿ ಊರಿದೆ. ಇಲ್ಲದಿದ್ದರೆ ಬರಿಯ ಹೆಸರಿದೆ.

ಈ ಪ್ರಕಾರದ ಅಟ್ಲಾಸುಗಳಲ್ಲಿ ಹೆಚ್ಚು ಹೆಸರಾದದ್ದು ಕ್ಯಾರೆನ್ ವಿನ್ ಫಾನ್‌ಸ್ಟಾಡ್ ಅವರ 'ದಿ ಅಟ್ಲಾಸ್ ಆಫ್ ಮಿಡ್ಲ್-ಅರ್ತ್'. ಹೊರಬಂದದ್ದು 1981ರಲ್ಲಿ, ಪರಿಷ್ಕೃತ ಆವೃತ್ತಿ 1991ರಲ್ಲಿ. ಇದು ಸ್ವಯಂಪ್ರಕಟಣೆಯಲ್ಲ, ದೊಡ್ಡ ಪ್ರಕಾಶನ ಸಂಸ್ಥೆಯ ಪುಸ್ತಕ. ಆದರೂ ಮೊದಲು ಇದನ್ನೇ ಓದಬೇಕು, ಏಕೆಂದರೆ ಅಳತೆ ಇಲ್ಲಿಂದಲೇ ಸಿಗುತ್ತದೆ. ಫಾನ್‌ಸ್ಟಾಡ್ ಭೂಗೋಳಶಾಸ್ತ್ರದಲ್ಲಿ ಸ್ನಾತಕೋತ್ತರ ಓದು ಮಾಡಿ ನಕ್ಷೆ ರಚನೆಯಲ್ಲಿ ಪಳಗಿದವರು. ಟೋಲ್ಕಿನ್ ಕಾದಂಬರಿಗಳನ್ನು ಅವರು ಭಕ್ತೆಯಾಗಿ ಓದಿದ್ದು ಹೌದು, ಸರ್ವೆಯರ್ ಆಗಿ ಓದಿದ್ದೂ ಹೌದು. ಯಾವ ದಿನ ಯಾರು ಎಲ್ಲಿಂದ ಎಲ್ಲಿಗೆ ನಡೆದರು, ಎಷ್ಟು ಮೈಲಿ, ರಾತ್ರಿ ಎಲ್ಲಿ ತಂಗಿದರು ಎಂದು ಲೆಕ್ಕ ಹಾಕಿ ದಾರಿನಕ್ಷೆಗಳನ್ನು ಬರೆದರು. ಕೋಟೆಗಳ ಒಳವಿನ್ಯಾಸ, ಯುದ್ಧಗಳಲ್ಲಿ ದಂಡು ಸರಿದ ಬಾಣಗುರುತು, ಕೊನೆಯಲ್ಲಿ ಭೂರೂಪ, ಹವಾಮಾನ, ಸಸ್ಯ, ಜನಸಂಖ್ಯೆ, ಭಾಷೆಗಳ ನಕ್ಷೆಗಳು. ಎಲ್ಲವೂ ಕೈಬರಹದ ಅಕ್ಷರಗಳಲ್ಲಿ, ಕಪ್ಪು ಮತ್ತು ಕಂದುಗೆಂಪು ಎಂಬ ಎರಡೇ ಬಣ್ಣದಲ್ಲಿ.

ಎರಡೇ ಬಣ್ಣ ಎಂಬುದನ್ನು ಬಡತನವೆಂದು ಓದಬಾರದು. ಎರಡೇ ಬಣ್ಣವಿದ್ದಾಗ ಪ್ರತಿ ಗೆರೆಯೂ ತಾನು ಏಕೆ ಇದ್ದೇನೆ ಎಂದು ಸಾಬೀತು ಮಾಡಬೇಕಾಗುತ್ತದೆ. ಫಾನ್‌ಸ್ಟಾಡ್ ಅವರ ಪುಟಗಳಲ್ಲಿ ಅಲಂಕಾರಕ್ಕೆ ಬಂದ ಹಡಗು, ತಿಮಿಂಗಿಲ, ಸುರುಳಿ ಕಾಗದದ ಅಂಚು ಕಾಣುವುದಿಲ್ಲ. ನಕ್ಷೆಯ ಪಕ್ಕದಲ್ಲೇ ಗದ್ಯವಿದೆ. ಈ ನದಿಯನ್ನು ಇಲ್ಲಿ ಏಕೆ ತಿರುಗಿಸಿದೆ, ಎರಡು ಕಡೆ ಎರಡು ಅಂತರ ಹೇಳಿರುವಾಗ ಯಾವುದನ್ನು ಏಕೆ ಹಿಡಿದೆ ಎಂದು ಆಕೆ ವಿವರಿಸುತ್ತಾರೆ. ಈ ಟಿಪ್ಪಣಿಗಳು ನನ್ನ ಮಟ್ಟಿಗೆ ನಕ್ಷೆಗಳಿಗಿಂತ ದೊಡ್ಡವು. ಅವು ಟೋಲ್ಕಿನ್ ಗದ್ಯದ ಮೇಲೆ ಬರೆದ ವಿಮರ್ಶೆ. ಗ್ರಂಥಸಂಪಾದಕರು ಓಲೆಗರಿಯ ಪಾಠಾಂತರಗಳನ್ನು ಎದುರುಬದುರಿಟ್ಟು ನೋಡುವ ಹಾಗೆ ಆಕೆ ಬೆಟ್ಟ ಹೊಳೆಗಳನ್ನು ನೋಡಿದ್ದಾರೆ.

ಆ ವಿಮರ್ಶೆ ಕಥೆಗಾರನ ಪರವಾಗಿಯೂ ಸಾಕ್ಷಿ ಹೇಳುತ್ತದೆ, ವಿರುದ್ಧವಾಗಿಯೂ ಹೇಳುತ್ತದೆ. ಮೊರ್ಡೊರ್ ದೇಶವನ್ನು ಬೆಟ್ಟಸಾಲುಗಳು ಮೂರು ಕಡೆಯಿಂದ ಕಾಂಪೌಂಡ್ ಗೋಡೆಯಂತೆ, ಹೆಚ್ಚುಕಡಿಮೆ ಲಂಬಕೋನದಲ್ಲಿ, ಸುತ್ತುವರಿದಿವೆ. ಭೂಮಿಯ ಮೇಲೆ ಬೆಟ್ಟಗಳು ಹಾಗೆ ಬೆಳೆಯುವುದಿಲ್ಲ. ಕಥೆಗೆ ಕೋಟೆ ಬೇಕಿತ್ತು, ಭೂಗೋಳ ಕೋಟೆಯಾಯಿತು. ಅದೇ ದೇಶದ ದಕ್ಷಿಣಕ್ಕೆ ನೂರ್ನೆನ್ ಎಂಬ ಒಳನಾಡಿನ ಸರೋವರವಿದೆ. ಅದರ ದಡದಲ್ಲಿ ಗುಲಾಮರು ಗೇಯುವ ಹೊಲಗಳಿವೆ ಎಂದು ಕಾದಂಬರಿ ಹೋಗುತ್ತ ಹೋಗುತ್ತ ಒಂದು ಮಾತು ಹೇಳುತ್ತದೆ. ಕಥಾನಾಯಕರು ಅಲ್ಲಿಗೆ ಕಾಲಿಡುವುದೇ ಇಲ್ಲ. ಆದರೆ ಬೂದಿ ಮುಚ್ಚಿದ ಆ ನಾಡಿನಲ್ಲಿ ಅಷ್ಟು ದೊಡ್ಡ ದಂಡು ಏನು ತಿಂದು ಬದುಕುತ್ತದೆ ಎಂಬ ಪ್ರಶ್ನೆ ಲೇಖಕನಿಗೆ ಬಂದಿತ್ತು ಎನ್ನುವುದಕ್ಕೆ ಆ ಸರೋವರವೇ ದಾಖಲೆ. ಮೊದಲನೆಯದು ಚಕ್ಕುಬಂದಿ ಪರೀಕ್ಷೆಯಲ್ಲಿ ಸೋಲುತ್ತದೆ, ಎರಡನೆಯದು ಗೆಲ್ಲುತ್ತದೆ. ಎರಡೂ ಒಂದೇ ಹಾಳೆಯಲ್ಲಿವೆ.

ಟೋಲ್ಕಿನ್ ತಾವು ನಕ್ಷೆಯಿಂದ ಶುರುಮಾಡಿ ಕಥೆಯನ್ನು ಅದಕ್ಕೆ ಹೊಂದಿಸಿದ್ದಾಗಿ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾರೆ. ಆದರೆ ಆ ನಕ್ಷೆಯೂ ಕಲ್ಲಿನ ಮೇಲೆ ಕೆತ್ತಿದ್ದಾಗಿರಲಿಲ್ಲ. 1954ರ ಪುಸ್ತಕಕ್ಕೆ ಮಗ ಕ್ರಿಸ್ಟೊಫರ್ ಆತುರದಲ್ಲಿ ಬರೆದುಕೊಟ್ಟದ್ದನ್ನು 1980ರಲ್ಲಿ ಅವರೇ ಮತ್ತೆ ಬರೆದರು. 1970ರ ಭಿತ್ತಿನಕ್ಷೆಗಾಗಿ ಕಲಾವಿದೆ ಪಾಲಿನ್ ಬೇನ್ಸ್ ಬಳಸಿದ ಪ್ರತಿಯ ಮೇಲೆ ಟೋಲ್ಕಿನ್ ಹಸ್ತಾಕ್ಷರದಲ್ಲಿ ಟಿಪ್ಪಣಿಗಳಿದ್ದವು. ಹಾಬಿಟನ್ ಆಕ್ಸ್‌ಫರ್ಡ್‌ನ ಅಕ್ಷಾಂಶದಲ್ಲಿದೆ, ಮಿನಾಸ್ ತಿರಿತ್ ಇಟಲಿಯ ರವೆನ್ನಾದ ಅಕ್ಷಾಂಶದಲ್ಲಿದೆ ಎಂಬಂಥ ಸೂಚನೆಗಳು. ಆ ಹಾಳೆ ಬೆಳಕಿಗೆ ಬಂದದ್ದು 2015ರಲ್ಲಿ. ಈಗ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅಂದರೆ ಫಾನ್‌ಸ್ಟಾಡ್ ತಮ್ಮ ಅಟ್ಲಾಸ್ ಮಾಡುವಾಗ ಕೈಗೆ ಸಿಗದಿದ್ದ ಮೂಲದ ಮಾತು ಆಕೆ ತೀರಿಕೊಂಡು ಹತ್ತು ವರ್ಷದ ಮೇಲೆ ಹೊರಬಂತು. ಇಲ್ಲದ ಲೋಕದ ಸರ್ವೆಯೂ ಮುಗಿಯುವುದಿಲ್ಲ.

ಫಾನ್‌ಸ್ಟಾಡ್ ಕೆಲಸದ ಮಿತಿಯೂ ಇಲ್ಲೇ ಇದೆ. ಪಠ್ಯ ಖಚಿತವಾಗಿ ಹೇಳಿದ್ದು, ಆಕೆ ಊಹಿಸಿದ್ದು ಎರಡೂ ಬಹಳಷ್ಟು ಕಡೆ ಒಂದೇ ದಪ್ಪದ ಗೆರೆಯಲ್ಲಿ ಅಚ್ಚಾಗಿವೆ. ಟಿಪ್ಪಣಿ ಓದಿದವನಿಗೆ ವ್ಯತ್ಯಾಸ ಗೊತ್ತಾಗುತ್ತದೆ, ನಕ್ಷೆ ಮಾತ್ರ ನೋಡಿದವನಿಗೆ ಗೊತ್ತಾಗುವುದಿಲ್ಲ. ಅಚ್ಚಾದ ಗೆರೆಗೆ ಒಂದು ಗತ್ತಿರುತ್ತದೆ; ಅದು ಹಿಂಜರಿಯುವುದಿಲ್ಲ. ಅನುಮಾನಕ್ಕೆ ಬೇರೆ ಗೆರೆ ಬೇಕು ಎಂಬುದು ಈ ಒಳ್ಳೆಯ ಪುಸ್ತಕದಿಂದ ಮುಂದಿನವರು ಕಲಿಯಬೇಕಾದ ಪಾಠ.

ಫಾನ್‌ಸ್ಟಾಡ್ ಅವರಿಗೆ ಇದ್ದ ಒಂದು ಅನುಕೂಲ ಸ್ವಂತ ಲೋಕದ ಅಟ್ಲಾಸ್ ಮಾಡುವವನಿಗೆ ಇರುವುದಿಲ್ಲ. ಆಕೆಯ ಎದುರು ಬೇರೊಬ್ಬರ ಪಠ್ಯವಿತ್ತು. ಅದು ಅಡ್ಡ ಬರುತ್ತಿತ್ತು. ತಾನೇ ಸೃಷ್ಟಿಕರ್ತ, ತಾನೇ ನಕ್ಷೆಗಾರ, ತಾನೇ ಪ್ರಕಾಶಕ ಆದವನಿಗೆ ಅಡ್ಡ ಬರುವವರು ಯಾರು? ಬೆಟ್ಟ ಸರಿಹೋಗದಿದ್ದರೆ ಬೆಟ್ಟವನ್ನೇ ಸರಿಸಬಹುದು. ನಮ್ಮ ಪ್ರಾಜೆಕ್ಟುಗಳಲ್ಲಿ ಕ್ಲೈಂಟ್ ಕಿರಿಕಿರಿ ಎಂದು ನಾವೆಲ್ಲ ಗೊಣಗುತ್ತೇವೆ. ಕ್ಲೈಂಟೇ ಇಲ್ಲದ ಪ್ರಾಜೆಕ್ಟ್ ಒಂದೋ ಎಂದೂ ಮುಗಿಯುವುದಿಲ್ಲ, ಇಲ್ಲವೇ ಯಾರಿಗೂ ಬೇಡದ್ದಾಗಿ ಮುಗಿಯುತ್ತದೆ.

ಈ ಅಪಾಯವನ್ನು ದಾಟಿದ ಉದಾಹರಣೆ ಗ್ಲೊರಾಂಥಾ. ಅಮೆರಿಕದ ಗ್ರೆಗ್ ಸ್ಟಾಫರ್ಡ್ 1966ರಲ್ಲಿ, ಕಾಲೇಜಿನಲ್ಲಿದ್ದಾಗ, ಈ ಲೋಕದ ಬಗ್ಗೆ ಬರೆಯತೊಡಗಿದರು. 1975ರಲ್ಲಿ ತಮ್ಮದೇ ಕೆಯಾಸಿಯಮ್ ಎಂಬ ಸಂಸ್ಥೆ ಕಟ್ಟಿ 'ವೈಟ್ ಬೇರ್ ಅಂಡ್ ರೆಡ್ ಮೂನ್' ಎಂಬ ಬೋರ್ಡ್ ಆಟವನ್ನು ಹೊರತಂದರು. ಡ್ರ್ಯಾಗನ್ ಪಾಸ್ ಎಂಬ ಸೀಮೆಯನ್ನು ಷಟ್ಕೋನದ ಮನೆಗಳಾಗಿ ಕತ್ತರಿಸಿದ ಹಾಸು ಅದು. ಇಲ್ಲಿ ನಕ್ಷೆ ಕಥೆಗೆ ಅಂಟಿಸಿದ ಚಿತ್ರವಾಗಿರಲಿಲ್ಲ. ಒಂದು ದಂಡು ಒಂದು ಸರದಿಯಲ್ಲಿ ಎಷ್ಟು ಮನೆ ನಡೆಯಬಹುದು, ಬೆಟ್ಟ ಅಡ್ಡ ಬಂದರೆ ಎಷ್ಟು ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬೇಕಿತ್ತು. ಎದುರಾಳಿ ಮೇಜಿನ ಆ ಬದಿಯಲ್ಲಿ ಕೂತಿದ್ದ. ಬೆಟ್ಟವನ್ನು ಸರಿಸಿದರೆ ಅವನು ಸುಮ್ಮನಿರುತ್ತಿರಲಿಲ್ಲ. ಸ್ವಯಂಪ್ರಕಾಶಕನಿಗೆ ಬೇಕಾದ ಅಡ್ಡಿ ಇಲ್ಲಿ ಆಟದ ರೂಪದಲ್ಲಿ ಬಂತು.

ನಾಲ್ಕು ದಶಕದ ಮೇಲೆ ಈ ಲೋಕ ದೊಡ್ಡ ಪುಸ್ತಕವಾಯಿತು. 2012ರಲ್ಲಿ ಓದುಗರಿಂದ ಮುಂಗಡ ಎತ್ತುವ ಅಭಿಯಾನ ಶುರುವಾಯಿತು; ಎರಡು ಲಕ್ಷ ಡಾಲರಿಗೂ ಹೆಚ್ಚು ಸೇರಿತು. ಜೆಫ್ ರಿಚರ್ಡ್, ಸ್ಟಾಫರ್ಡ್, ಸ್ಯಾಂಡಿ ಪೀಟರ್ಸನ್ ಸೇರಿ ಬರೆದ 'ಗೈಡ್ ಟು ಗ್ಲೊರಾಂಥಾ' ಎರಡು ಭಾರಿ ಸಂಪುಟಗಳಲ್ಲಿ 2014ರಲ್ಲಿ ಬಂತು, 2015ರ ಡಯಾನಾ ಜೋನ್ಸ್ ಪ್ರಶಸ್ತಿ ಪಡೆಯಿತು. ಅದರ ಜೊತೆಗೆ ನಕ್ಷೆಗಳಿಗೆಂದೇ 'ಆರ್ಗನ್ ಆರ್ಗರ್ ಅಟ್ಲಾಸ್' ಎಂಬ ಪ್ರತ್ಯೇಕ ಪುಸ್ತಕ.

ಗ್ಲೊರಾಂಥಾ ಗೋಳವಲ್ಲ. ಸಮುದ್ರದಲ್ಲಿ ತೇಲುವ ಮಣ್ಣಿನ ಚೌಕ, ಮೇಲೆ ಆಕಾಶದ ಬೋಗುಣಿ, ಕೆಳಗೆ ಪಾತಾಳ. ಅಲ್ಲಿ ಅಕ್ಷಾಂಶ ರೇಖಾಂಶಗಳಿಗೆ ಅರ್ಥವಿಲ್ಲ. ನಮಗೆ ಇದು ಹೊಸ ಸಂಗತಿಯೂ ಅಲ್ಲ. ಮೇರುವಿನ ಸುತ್ತ ಜಂಬೂದ್ವೀಪ, ಅದರ ಸುತ್ತ ಉಪ್ಪಿನ ಸಮುದ್ರ, ಆಮೇಲೆ ದ್ವೀಪ, ಆಮೇಲೆ ಕಬ್ಬಿನ ಹಾಲಿನ ಸಮುದ್ರ ಎಂದು ಉಂಗುರ ಉಂಗುರವಾಗಿ ಹೋಗುವ ಪುರಾಣದ ಭೂಗೋಳ ಅಜ್ಜಿಯ ಬಾಯಲ್ಲಿ ಕೇಳಿದ್ದು. ಜೈನರು ಮನುಷ್ಯರಿರುವ ಎರಡೂವರೆ ದ್ವೀಪಗಳನ್ನು ಬಟ್ಟೆಯ ಮೇಲೆ ವೃತ್ತವೃತ್ತವಾಗಿ ಬಣ್ಣದಲ್ಲಿ ಬರೆಸಿದರು. ಗುಜರಾತ್, ರಾಜಸ್ಥಾನಗಳ ಅಂಥ ಪಟಗಳು ಈಗ ಜಗತ್ತಿನ ಹಲವು ಮ್ಯೂಸಿಯಮ್ಮುಗಳಲ್ಲಿವೆ. ಆ ಪಟಗಳ ಮುಂದೆ ಎಷ್ಟು ಸೆಂಟಿಮೀಟರಿಗೆ ಎಷ್ಟು ಕಿಲೋಮೀಟರು ಎಂದು ಯಾರೂ ಕೇಳುವುದಿಲ್ಲ. ಜೀವ ಎಲ್ಲಿ ಹುಟ್ಟಬಹುದು, ಎಲ್ಲಿಂದ ಮುಕ್ತಿಗೆ ದಾರಿ ಎಂಬುದು ಅಲ್ಲಿಯ ಅಂತರ. ಪುರಾಣದ ಲೋಕಕ್ಕೆ ಪುರಾಣದ ನಕ್ಷೆ ಒಪ್ಪುತ್ತದೆ.

ಗ್ಲೊರಾಂಥಾದ ತೊಡಕು ಇಲ್ಲಿದೆ. ಅದರ ಹುಟ್ಟು ಪುರಾಣದ್ದು, ಅದರ ನಕ್ಷೆ ಷಟ್ಕೋನದ ಲೆಕ್ಕದ್ದು. ದೇವರು ನಡೆದ ದಾರಿಗೆ ಮೈಲಿಗಲ್ಲು ನೆಟ್ಟ ಹಾಗೆ. ಆಟವಾಡಿ ಬೆಳೆದ ಡ್ರ್ಯಾಗನ್ ಪಾಸ್ ಸೀಮೆಯಲ್ಲಿ ಹಳ್ಳಿ ಹಳ್ಳಿಗೂ ಚಕ್ಕುಬಂದಿ ಹೇಳಬಹುದು. ಕುಲಗಳ ಜಗಳ, ದನದ ಹಾದಿ ಎಲ್ಲ ಗೊತ್ತು. ಯಾರೂ ಹೆಚ್ಚು ಆಡದ ದೂರದ ಸೀಮೆಗಳಲ್ಲಿ ಹೆಸರುಗಳು ತೆಳುವಾಗಿ ಚದುರಿವೆ. ಆದರೆ ಅಟ್ಲಾಸ್ ಎಂಬ ರೂಪ ಎಲ್ಲ ಸೀಮೆಗೂ ಸಮಾನ ಹಕ್ಕು ಕೊಟ್ಟಂತೆ ತೋರಿಸುತ್ತದೆ. ನಿಮ್ಮ ಗ್ಲೊರಾಂಥಾ ನಮ್ಮದಕ್ಕಿಂತ ಬೇರೆಯಾಗಿರಲಿ ಎಂಬುದು ಆ ಬಳಗದ ರೂಢಿಮಾತು. ಆ ಮಾತು ಹುಟ್ಟಿದ್ದೇ ಅಚ್ಚಾದ ಗೆರೆಯ ಗತ್ತನ್ನು ಇಳಿಸಲು ಎಂದು ನಾನು ಓದಿಕೊಳ್ಳುತ್ತೇನೆ. ಫಾನ್‌ಸ್ಟಾಡ್ ಟಿಪ್ಪಣಿಯಲ್ಲಿ ಮಾಡಿದ್ದನ್ನು ಇವರು ಗಾದೆಯಲ್ಲಿ ಮಾಡಿದರು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಸ್ವಯಂಪ್ರಕಟಣೆಯೂ ಕಲ್ಪಿತ ಊರೂ ಒಂದೇ ಬಾಗಿಲಲ್ಲಿ ಸೇರಿದ್ದು ಮೈಸೂರಿನಲ್ಲಿ. ಯುದ್ಧಕಾಲದಲ್ಲಿ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದಾಗ ಆರ್. ಕೆ. ನಾರಾಯಣ್ 'ಇಂಡಿಯನ್ ಥಾಟ್ ಪಬ್ಲಿಕೇಷನ್ಸ್' ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು. ಮೊದಲ 'ಮಾಲ್ಗುಡಿ ಡೇಸ್' ಹಾಗೆ ಬಂದದ್ದು. ಆದರೆ ಅವರು ನಕ್ಷೆ ಕೊಡುವ ಗೋಜಿಗೆ ಹೋಗಲಿಲ್ಲ. ನಕ್ಷೆ ಬರೆದವರು ಅಮೆರಿಕದ ವಿದ್ವಾಂಸ ಜೇಮ್ಸ್ ಫೆನೆಲಿ. ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ, ಆದರೂ ಶಿಕಾಗೊ ವಿಶ್ವವಿದ್ಯಾಲಯದ ಪ್ರಕಾಶನವೊಂದು ಭಾರತದ ನಕ್ಷೆಯಲ್ಲಿ ಅದರ ಜಾಗ ತೋರಿಸಿಬಿಟ್ಟಿದೆ ಎಂದು ನಾರಾಯಣ್ ಮುನ್ನುಡಿಯೊಂದರಲ್ಲಿ ನಗುತ್ತಾರೆ.

ನಾರಾಯಣ್ ನಕ್ಷೆ ಕೊಡದಿದ್ದದ್ದು ಸೋಮಾರಿತನದಿಂದಲ್ಲ ಎಂದು ನನ್ನ ವಾದ. ಮಾಲ್ಗುಡಿಗೆ ಚಕ್ಕುಬಂದಿ ಮೊದಲೇ ಇದೆ: ಒಂದು ಕಡೆ ಸರಯೂ ಹೊಳೆ, ಒಂದು ಕಡೆ ಮೆಂಪಿ ಬೆಟ್ಟ, ನಡುವೆ ಮಾರ್ಕೆಟ್ ರೋಡ್, ಅಂಚಿಗೆ ಲಾಲಿ ಎಕ್ಸ್‌ಟೆನ್ಷನ್. ಅಷ್ಟರಲ್ಲಿ ಓದುಗ ತನ್ನ ಊರಿನ ಬೀದಿಗಳನ್ನು ತುಂಬಿಕೊಳ್ಳುತ್ತಾನೆ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಕಂಡರು. ಧಾರಾವಾಹಿ ಚಿತ್ರೀಕರಣವಾದ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಮ್ಮೇ ಇದೆ. ಚಂದ್ರಶೇಖರ ಕಂಬಾರರ ಶಿವಾಪುರವೂ ಹೀಗೆಯೇ. ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಆ ಊರು ಪ್ರತಿ ಸಲ ಒಂದಿಷ್ಟು ಬೇರೆ. ಅದು ಜಾಗಕ್ಕಿಂತ ಹೆಚ್ಚಾಗಿ ಒಂದು ಕಾಲ. ಅದರ ಮೇಲೆ ಅಳತೆಪಟ್ಟಿ ಇಟ್ಟರೆ ಗೆರೆ ಸಿಗುತ್ತದೆ, ಊರು ಹೋಗುತ್ತದೆ. ಹಾಗಾಗಿ ಪ್ರತಿ ಕಲ್ಪಿತ ಲೋಕಕ್ಕೂ ಅಟ್ಲಾಸ್ ಬೇಕು ಎಂಬ ಹಟ ಸಲ್ಲದು. ಯಾವ ಲೋಕದಲ್ಲಿ ದೂರವೇ ಕಥೆಯನ್ನು ನಡೆಸುತ್ತದೋ ಅದಕ್ಕೆ ಬೇಕು.

ಅಂಥ ಒಂದು ಲೋಕ ಕನ್ನಡದಲ್ಲಿ ಹುಟ್ಟಿತು, ಅದರ ಅಟ್ಲಾಸನ್ನು ಕನ್ನಡದಲ್ಲೇ ಅಚ್ಚು ಹಾಕಬೇಕು ಎಂದಿಟ್ಟುಕೊಳ್ಳಿ. ಮೊದಲ ತೊಡಕು ಕಲ್ಪನೆಯದಲ್ಲ, ಅಕ್ಷರದ್ದು. ರೋಮನ್ ಲಿಪಿಯ ನಕ್ಷೆಗಳಲ್ಲಿ ದೇಶದ ಹೆಸರು ದೊಡ್ಡಕ್ಷರದಲ್ಲಿ, ನೀರಿನ ಹೆಸರು ವಾಲಿದ ಅಕ್ಷರದಲ್ಲಿ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ವಾಲಿದ ಅಕ್ಷರವೆಂದರೆ ಕಂಪ್ಯೂಟರ್ ಬಲವಂತವಾಗಿ ಓರೆ ಮಾಡಿದ್ದು. ನಾಡು, ಊರು, ಹೊಳೆಗಳ ಅಂತಸ್ತನ್ನು ಗಾತ್ರ, ದಪ್ಪ, ಬಣ್ಣಗಳಿಂದಲೇ ಹೇಳಬೇಕು. ಬೆಟ್ಟಸಾಲಿನ ಹೆಸರನ್ನು ಸಾಲಿನುದ್ದಕ್ಕೂ ಬಿಡಿಬಿಡಿಯಾಗಿ ಹರಡುವುದು ನಕ್ಷೆಗಾರರ ರೂಢಿ. ಸಹ್ಯಾದ್ರಿ ಎಂಬುದರಲ್ಲಿ ನಮ್ಮ ಕಿವಿಗೆ ಮೂರೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅವು ಒಂಬತ್ತು ಸಂಕೇತ. ಇದನ್ನರಿಯದ ತಂತ್ರಾಂಶ ಒತ್ತಕ್ಷರವನ್ನು ಕಿತ್ತು ಪಕ್ಕದ ಕಣಿವೆಗೆ ಎಸೆಯುತ್ತದೆ. ಹೆಸರನ್ನು ಹೊಳೆಯ ಬಾಗಿಗೆ ಬಾಗಿಸಿದರೆ ಕೆಳಗಿಳಿದ ಒತ್ತುಗಳು ನೀರಿನಲ್ಲಿ ಮುಳುಗುತ್ತವೆ. ಎಲ್ಲ ಹೆಸರನ್ನೂ ಒಂದೇ ಗಾತ್ರದಲ್ಲಿ ನೆಟ್ಟಗೆ ಕೂರಿಸಿ ಕೈತೊಳೆದುಕೊಂಡರೆ ನಕ್ಷೆಗೆ ದನಿ ಇರುವುದಿಲ್ಲ. ಕನ್ನಡದ ಅಕ್ಷರಶಿಲ್ಪಿಯೊಬ್ಬರು ಕೂತು ಒಂದೊಂದು ಹೆಸರನ್ನೂ ಬರೆಯಬೇಕಾದ ಕೆಲಸ ಇದು. ಫಾನ್‌ಸ್ಟಾಡ್ ಕೈಯಲ್ಲಿ ಬರೆದದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಎರಡನೆಯದು ಹೆಸರು. ತಂತ್ರಾಂಶ ಕೊಡುವ ಹೆಸರುಗಳು ಉಚ್ಚಾರಕ್ಕೆ ಚಂದ, ಒಳಗೆ ಟೊಳ್ಳು. ನಮ್ಮ ಊರ ಹೆಸರುಗಳ ಬಾಲ ನೋಡಿ: ಕೆರೆ, ಕುಂಟೆ, ಗುಡ್ಡ, ಪಾಳ್ಯ, ಹಟ್ಟಿ, ಸಂತೆ. ನೀರು ಎಷ್ಟಿತ್ತು, ಯಾರು ಬಂದು ನೆಲೆಸಿದರು ಎಂಬುದು ಆ ಬಾಲದಲ್ಲೇ ಇದೆ. ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಎಂಬ ಮಾತಿದೆ: ನಕ್ಷೆಯಲ್ಲಿ ಗಡಿಯಿದೆ, ಸರ್ವೆ ನಂಬರುಗಳಿವೆ, ದೀಪ ಹಚ್ಚುವವರಿಲ್ಲ. ಕಲ್ಪಿತ ಅಟ್ಲಾಸುಗಳ ಬಹುಪಾಲು ಊರುಗಳು ಹುಟ್ಟುವಾಗಲೇ ಬೇಚರಾಕ್. ಆದರೆ ನಿಜದ ಬೇಚರಾಕ್ ಗ್ರಾಮದಲ್ಲಿ ಹಾಳುಬಾವಿ, ಪೂಜೆ ನಿಂತ ಗುಡಿ ಇರುತ್ತವೆ; ಹಿಂದೆ ಯಾರೋ ಇದ್ದರು ಎಂಬ ಗುರುತು. ಒಳ್ಳೆಯ ಲೋಕ ಕಟ್ಟುವವನು ತನ್ನ ನಕ್ಷೆಯಲ್ಲಿ ಅಂಥ ಒಂದೆರಡು ಊರುಗಳನ್ನು ಬೇಕೆಂದೇ ಇಡುತ್ತಾನೆ.

ಇಷ್ಟಕ್ಕೂ ಅಚ್ಚು ಏಕೆ? ಪರದೆಯ ಮೇಲೆ ಎರಡು ಬೆರಳಲ್ಲಿ ಹಿಗ್ಗಿಸುತ್ತ ಹೋಗಬಹುದಲ್ಲ? ಆ ಹಿಗ್ಗಿಸುವ ಅನುಕೂಲವೇ ತೀರ್ಮಾನವನ್ನು ಮುಂದೂಡುತ್ತದೆ. ಕಾಗದದಲ್ಲಿ ಪ್ರತಿ ಪುಟಕ್ಕೂ ಒಂದು ಅಳತೆ ಗೊತ್ತುಮಾಡಬೇಕು. ಈ ಪುಟದಲ್ಲಿ ಯಾವ ಊರು ಉಳಿಯುತ್ತದೆ, ಯಾವ ಊರು ಬಿಟ್ಟುಹೋಗುತ್ತದೆ ಎಂದು ಮನುಷ್ಯನೇ ನಿರ್ಧರಿಸಬೇಕು. ಎರಡು ಪುಟ ಹರಡಿದ ನಕ್ಷೆಯ ನಡುಮಧ್ಯದಲ್ಲಿ ರಾಜಧಾನಿ ಇಟ್ಟರೆ ಅದು ಹೊಲಿಗೆಯೊಳಗೆ ಹೂತುಹೋಗುತ್ತದೆ. ಹಾಳೆ ಮಟ್ಟಸವಾಗಿ ತೆರೆಯಬೇಕಾದರೆ ಅಂಟಿಗಿಂತ ಹೊಲಿಗೆಯ ಬೈಂಡಿಂಗೇ ಬೇಕು. ಪರದೆಯಲ್ಲಿ ಹೊಳೆದ ನೀಲಿ ಶಾಯಿಯಲ್ಲಿ ಮಂಕಾಗುತ್ತದೆ. ಪ್ರೆಸ್ಸಿನ ಈ ಎಲ್ಲ ಅಡ್ಡಿಗಳು ಸ್ವಂತ ಲೋಕದ ಒಡೆಯನಿಗೆ ಮೊದಲ ಬಾರಿಗೆ ಇಲ್ಲ ಎನ್ನುತ್ತವೆ. ಅವನಿಗೆ ಸಿಗದ ಸಂಪಾದಕನ ಕೆಲಸವನ್ನು ಅರ್ಧದಷ್ಟಾದರೂ ಅಚ್ಚುಕೂಟ ಮಾಡುತ್ತದೆ.

ದುಡ್ಡಿನ ದಾರಿಯೂ ನಮಗೆ ಹೊಸದಲ್ಲ. ಓದುಗರಿಂದ ಮುಂಗಡ ಪಡೆದು ಪುಸ್ತಕ ಕೊಡುವುದನ್ನು ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾ ಯೋಜನೆಯಲ್ಲಿ ನಡೆಸಿಕೊಂಡು ಬಂದಿದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟವರು. ಮಕ್ಕಳಿಗಾಗಿ ಚಿತ್ರಗಳೊಡನೆ ಇಡೀ ಜಗತ್ತನ್ನು 'ಬಾಲಪ್ರಪಂಚ'ದ ಸಂಪುಟಗಳಲ್ಲಿ ತುಂಬಿಕೊಟ್ಟವರು. ನಿಜದ ಪ್ರಪಂಚವನ್ನು ಕನ್ನಡಕ್ಕೆ ತರಲು ಅಷ್ಟು ಹಟ ತೊಟ್ಟ ಭಾಷೆ ಇದು. ಇಲ್ಲದ ಪ್ರಪಂಚಕ್ಕೂ ಆ ಹಟದಲ್ಲಿ ಒಂದು ಪಾಲು ಸಲ್ಲಬೇಕು.

ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಕೂತ ನಮಗೆ ಇದರಲ್ಲಿ ಬೇರೆಯೇ ಒಂದು ಪಣವಿದೆ. ನಮ್ಮ ಮಕ್ಕಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದ್ವೀಪ ಬರೆಯುತ್ತಾರೆ, ಬೆಟ್ಟ ಬರೆಯುತ್ತಾರೆ, ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅವರಿಗೆ ಕನ್ನಡದ ಊರ ಹೆಸರೆಂದರೆ ರಜೆಯಲ್ಲಿ ಬಸ್ಸಿನ ಬೋರ್ಡಿನ ಮೇಲೆ ಕಾಣುವುದು. ಹೊಸ ಊರು ಹುಟ್ಟಿಸಲು ಆ ಭಾಷೆ ಬಳಸಬಹುದೆಂದು ಅವರಿಗೆ ತೋರಿಸಿಕೊಟ್ಟವರಿಲ್ಲ. ಒಂದು ಭಾಷೆಯಲ್ಲಿ ಇದ್ದ ಊರುಗಳ ನೆನಪು ಮಾತ್ರ ಉಳಿದು, ಇಲ್ಲದ ಊರುಗಳನ್ನು ಕಟ್ಟುವ ಅಭ್ಯಾಸ ನಿಂತುಹೋದರೆ ಅದು ಹಿಂದಕ್ಕೆ ಮಾತ್ರ ನೋಡುವ ಭಾಷೆಯಾಗುತ್ತದೆ. ಯಾರಾದರೂ ಅಂಥ ಅಟ್ಲಾಸ್ ಒಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ನಾನು ಮುಂಗಡ ಕಳಿಸುತ್ತೇನೆ. ಪುಸ್ತಕ ಕೈಗೆ ಬಂದ ದಿನ ಯಾವುದೋ ಮೂಲೆಯ ಸಣ್ಣ ಊರಿನ ಮೇಲೆ ಬೆರಳಿಟ್ಟು ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ ಎಂದು ಕೇಳುವುದನ್ನೂ ಬಿಡುವುದಿಲ್ಲ.